ಕ್ರೈಸ್ತ ದಾಂಪತ್ಯ ಮತ್ತು ಮನೆಯ ಪ್ರಾರ್ಥನೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಹಲಸೂರಿನಲ್ಲಿ ನಡೆದ ದಂಪತಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ದಿನಗಳಲ್ಲಿ ವಿದ್ವಾಂಸರಾದ ಅನೇಕ ಗುರುಗಳ ಬೋಧನೆಯನ್ನು ತಾವು ಕೇಳಿದ್ದೀರಿ. ಅವರ ತರುವಾಯ ಗಂಡ ಹೆಂಡಿರಿಬ್ಬರನ್ನು ಈ ವೇದಿಕೆಯ ಮೇಲೆ ನಿಲ್ಲಿಸಿ, ಕ್ರೈಸ್ತ ಮದುವೆಯನ್ನು ಬಾಳಿಸುವ ಬಗೆಯನ್ನು ಹೇಳಿರೆಂದು ನಮ್ಮ ಧರ್ಮಕೇಂದ್ರದ ಗುರುಗಳು ಅಪ್ಪಣೆ ಮಾಡಿದಾಗ ನಮಗೆ ಅಂಜಿಕೆಯೇ ಆಯಿತು. ನಾವು ದೇವಶಾಸ್ತ್ರವನ್ನು ಓದಿದವರಲ್ಲ. ನಮ್ಮಲ್ಲಿ ಒಬ್ಬರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತರಾದವರು; ಇನ್ನೊಬ್ಬರು ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. 1979ರಲ್ಲಿ ಮದುವೆಯಾದವರು ಎಂಬುದಷ್ಟೇ ನಮ್ಮ ಅರ್ಹತೆ. ಈ ಭಾಷಣವನ್ನು ಇಬ್ಬರೂ ಕೂಡಿ ಬರೆದಿದ್ದೇವೆ. ಓದುವವರು ಒಬ್ಬರಾದರೂ ಮಾತು ಇಬ್ಬರದು. ಎಲ್ಲೆಲ್ಲಿ ನಮಗೆ ಒಮ್ಮತವಾಗಲಿಲ್ಲವೋ ಆ ವಾಕ್ಯಗಳನ್ನು ಹೊಡೆದುಹಾಕಿದ್ದೇವೆ. ಭಾಷಣ ಚಿಕ್ಕದಾಗಿರುವುದಕ್ಕೆ ಅದೇ ಕಾರಣ.

ಪಕ್ಕದ ಸಭಾಂಗಣದಲ್ಲಿ ಏರ್ಪಡಿಸಿರುವ ಪ್ರದರ್ಶನದಲ್ಲಿ ಹಳೆಯ ಮದುವೆಯ ದಾಖಲೆ ಪುಸ್ತಕವನ್ನು ತಾವೆಲ್ಲರೂ ನೋಡಿರಬೇಕು. ವರನ ಹೆಸರು, ವಧುವಿನ ಹೆಸರು, ತಂದೆತಾಯಿಗಳ ಹೆಸರು, ಇಬ್ಬರು ಸಾಕ್ಷಿಗಳ ಸಹಿ, ಕೊನೆಯಲ್ಲಿ ಗುರುಗಳ ಸಹಿ. ಓದು ಬರಹ ಬಾರದವರು ಒತ್ತಿದ ಹೆಬ್ಬೆಟ್ಟಿನ ಗುರುತುಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಆ ಮದುವೆಗಳನ್ನು ಮಾಡಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು, ಇನ್ನಾರು, ಸ್ವಾಮಿಗಳು ಎನ್ನುತ್ತಾರೆ. ಮದುವೆಯ ಸಿದ್ಧತೆಗೆಂದು ಬರುವ ಯುವಕ ಯುವತಿಯರನ್ನು ನಾವು ಮೊದಲು ಕೇಳುವ ಪ್ರಶ್ನೆಯೂ ಇದೇ. ಇಷ್ಟು ವರ್ಷಗಳಲ್ಲಿ ಸರಿಯಾದ ಉತ್ತರ ಹೇಳಿದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ನಮ್ಮ ಲತೀನ್ ಧರ್ಮಸಭೆಯ ಬೋಧನೆಯ ಪ್ರಕಾರ ವಿವಾಹ ಸಂಸ್ಕಾರವನ್ನು ನೆರವೇರಿಸುವವರು ವಧೂವರರೇ. ಅವರು ಪರಸ್ಪರ ಆ ಸಂಸ್ಕಾರವನ್ನು ಕೊಟ್ಟುಕೊಳ್ಳುತ್ತಾರೆ. ಗುರುಗಳು ಧರ್ಮಸಭೆಯ ಹೆಸರಿನಲ್ಲಿ ಅವರ ಸಮ್ಮತಿಯನ್ನು ಕೇಳಿ ಪಡೆಯುತ್ತಾರೆ, ಸಾಕ್ಷಿಯಾಗಿ ನಿಲ್ಲುತ್ತಾರೆ, ಆಶೀರ್ವದಿಸುತ್ತಾರೆ. 1563ಕ್ಕೆ ಮುಂಚೆ ಗುರುಗಳಿಲ್ಲದೆ, ಸಾಕ್ಷಿಗಳಿಲ್ಲದೆ ಗುಟ್ಟಾಗಿ ಒಪ್ಪಿಗೆಯ ಮಾತನ್ನಾಡಿ ಮದುವೆಯಾದವರೂ ಇದ್ದರು. ಅಂತಹ ಮದುವೆಯನ್ನು ಧರ್ಮಸಭೆ ಖಂಡಿಸುತ್ತಿತ್ತು. ಆದರೂ ಅದು ಮದುವೆಯೇ ಅಲ್ಲವೆಂದು ಹೇಳುತ್ತಿರಲಿಲ್ಲ. ಅದರಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಮೋಸವಾಯಿತು. ಆಮೇಲೆ ತ್ರೆಂತ್ ಮಹಾಸಭೆ ಆ ವರ್ಷ ಗುರುಗಳೂ ಸಾಕ್ಷಿಗಳೂ ಇರಲೇಬೇಕೆಂಬ ನಿಯಮವನ್ನು ಮಾಡಿತು. 1983ರ ಧರ್ಮಸಭಾ ಕಾನೂನಿನ 1057ನೆಯ ವಿಧಿಯೂ ಮದುವೆಯನ್ನು ಉಂಟುಮಾಡುವುದು ಇಬ್ಬರ ಸಮ್ಮತಿಯೇ ಎಂದೂ, ಆ ಸಮ್ಮತಿಯ ಸ್ಥಾನವನ್ನು ಬೇರೆ ಯಾವ ಮಾನವಶಕ್ತಿಯೂ ತುಂಬಲಾರದೆಂದೂ ತಿಳಿಸುತ್ತದೆ. ನಮ್ಮ ಕಡೆ ಶಿಲುಬೆಯ ಗುರುತುಳ್ಳ ತಾಳಿಯನ್ನು ಕಟ್ಟುತ್ತೇವೆ, ಉಂಗುರವನ್ನು ತೊಡಿಸುತ್ತೇವೆ, ಹಾರ ಬದಲಾಯಿಸುತ್ತೇವೆ. ಎಲ್ಲವೂ ಚೆಲುವಾದ ಆಚರಣೆಗಳೇ. ಆದರೆ ಇವುಗಳಲ್ಲಿ ಯಾವುದೂ ತಾನಾಗಿ ಮದುವೆಯನ್ನು ಉಂಟುಮಾಡುವುದಿಲ್ಲ. ಛತ್ರದ ಊಟವಂತೂ ಖಂಡಿತವಾಗಿ ಉಂಟುಮಾಡುವುದಿಲ್ಲ, ಅದಕ್ಕಾಗಿ ನಾವು ಸಾಲ ಮಾಡಿದರೂ ಸಹ!

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಗುರುದೀಕ್ಷೆ ಪಡೆದವರು ಪ್ರಥಮ ಬಲಿಪೂಜೆಯನ್ನು ಅರ್ಪಿಸಿ, ಸನ್ಮಾನ ಮಾಡಿಸಿಕೊಂಡು, ಮರುದಿನದಿಂದ ಪೀಠದ ಕಡೆ ತಲೆಹಾಕದಿದ್ದರೆ ನಾವು ಏನೆನ್ನುತ್ತೇವೆ? ಗಂಡ ಹೆಂಡಿರೂ ಒಂದು ಸಂಸ್ಕಾರದ ಸೇವಕರೇ ಆಗಿದ್ದರೆ ಅವರ ಸೇವೆ ಮದುವೆಯ ದಿನ ಮಧ್ಯಾಹ್ನಕ್ಕೆ ಮುಗಿಯುವಂತಹುದಲ್ಲ. ಅವರಿಗೂ ಒಂದು ಪೀಠ ಬೇಕು. ಅವರಿಬ್ಬರೂ ಕೂಡಿ ದೇವರ ಮುಂದೆ ನಿಲ್ಲುವ ಒಂದು ಹೊತ್ತು ಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಒಂದು ಗೃಹ ಧರ್ಮಸಭೆಯೆಂಬಂತೆ ಕಂಡಿತು. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕುಟುಂಬವನ್ನು ಕುರಿತ ಪತ್ರದಲ್ಲಿ, ಪತಿಪತ್ನಿಯರು ಕೂಡಿ, ತಂದೆತಾಯಿಗಳೂ ಮಕ್ಕಳೂ ಕೂಡಿ ಮಾಡುವ ಪ್ರಾರ್ಥನೆಯನ್ನೇ ಎತ್ತಿ ಹೇಳಿದರು. ದಂಪತಿಗಳು ಬೇರೆ ಬೇರೆಯಾಗಿ ಭಕ್ತರಾಗಿದ್ದರೆ ಸಾಲದು. ಬೆಳಗಿನ ಪೂಜೆಗೆ ತಪ್ಪದೆ ಬರುವ ಹೆಂಡತಿಯನ್ನೂ, ಸಂತ ವಿನ್ಸೆಂಟ್ ದೇ ಪೌಲ್ ಸಭೆಯಲ್ಲಿ ಬಡವರಿಗಾಗಿ ಓಡಾಡುವ ಗಂಡನನ್ನೂ ನಾವು ಬಲ್ಲೆವು. ಇಬ್ಬರೂ ಒಳ್ಳೆಯವರು. ಆದರೆ ಅವರಿಬ್ಬರೂ ಒಟ್ಟಿಗೆ ಮಂಡಿಯೂರಿದ್ದು ಮದುವೆಯ ದಿನ ಮಾತ್ರ.

ಹಲಸೂರಿನಂತಹ ಜಾಗದಲ್ಲಿ ಇದು ಇನ್ನಷ್ಟು ಕಷ್ಟ. ಹಲಸೂರು ಕೆರೆಯೂ ಸೋಮೇಶ್ವರ ದೇವಾಲಯವೂ ದಂಡಿಗಿಂತ ಹಳೆಯವು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ಊರಿನ ಚಹರೆಯೇ ಬದಲಾಯಿತು. ಮದರಾಸಿನ ಕಡೆಯಿಂದ ಸಿಪಾಯಿಗಳು, ಸ್ಯಾಪರ್ಸ್ ದಳದವರು, ಕಲ್ಲುಕುಟಿಗರು, ಅಡುಗೆಯವರು, ಗುಮಾಸ್ತರು ಬಂದರು. ತಮಿಳರು, ತೆಲುಗರು, ಆಂಗ್ಲೋ-ಇಂಡಿಯನ್ನರು, ಆಮೇಲೆ ಮಂಗಳೂರಿನ ಕೊಂಕಣಿಯವರು, ಮಲೆಯಾಳಿಗಳು, ಸುತ್ತಲಿನ ಹಳ್ಳಿಗಳ ಕನ್ನಡದವರು, ಎಲ್ಲರೂ ಒಂದೇ ದೇವಾಲಯದ ಮೆಟ್ಟಿಲು ಹತ್ತಿದರು. ಹಾಗಿರುವಾಗ ಮದುವೆಗಳೂ ಭಾಷೆಯ ಗಡಿಯನ್ನು ದಾಟುವುದು ಸಹಜವೇ. ನಮ್ಮದೂ ಅಂತಹುದೇ. ಪತಿಯ ಮನೆಯವರು ಆನೇಕಲ್ಲಿನ ಕಡೆಯ ಕನ್ನಡಿಗರು. ಪತ್ನಿಯ ಮನೆಯವರು ಮೂರು ತಲೆಮಾರುಗಳಿಂದ ಗೌತಮಪುರದಲ್ಲಿ ನೆಲೆಸಿದ ತಮಿಳರು.

1960ರ ದಶಕದವರೆಗೂ ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಅದು ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಸಮಾನವಾಗಿತ್ತು! 1963ರ ಡಿಸೆಂಬರಿನಲ್ಲಿ ಮಹಾಸಭೆ ಮಾತೃಭಾಷೆಗೆ ಬಾಗಿಲು ತೆರೆದದ್ದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ತಂದೆತಾಯಿಗಳು ತಮ್ಮ ಮಾತಿನಲ್ಲಿ ಪೂಜೆಯನ್ನು ಕೇಳಿ ಕಣ್ಣೀರಿಟ್ಟದ್ದನ್ನು ಕಂಡಿದ್ದೇವೆ. ಆದರೆ ಎರಡು ಭಾಷೆಯ ಮನೆಯಲ್ಲಿ ಅದರ ಫಲ ಬೇರೆಯಾಯಿತು. ಗಂಡನ ಪೂಜೆಯ ವೇಳೆ ಒಂದು, ಹೆಂಡತಿಯ ಪೂಜೆಯ ವೇಳೆ ಇನ್ನೊಂದು. ಮಕ್ಕಳು ಇಂಗ್ಲಿಷ್ ಪೂಜೆಗೆ. ಭಾನುವಾರದಂದು ಒಂದೇ ಮನೆಯವರು ಒಂದೇ ಪೀಠದ ಮುಂದೆ ಒಬ್ಬರನ್ನೊಬ್ಬರು ಕಾಣದೆ ಬಂದು ಹೋಗುತ್ತಿದ್ದೆವು. ಈ ನಗರದ ಧರ್ಮಸಭೆಯಲ್ಲಿ ಭಾಷೆಯನ್ನು ಕುರಿತು ನಡೆದ ಕಹಿಯಾದ ವಾದಗಳು ತಮಗೆ ತಿಳಿದೇ ಇವೆ. ಅವನ್ನು ಕೆದಕುವ ಉದ್ದೇಶ ನಮಗಿಲ್ಲ. ನ್ಯಾಯ ಯಾವ ಕಡೆ ಎಷ್ಟಿತ್ತೆಂಬ ವಿಷಯದಲ್ಲಿ ನಾವಿಬ್ಬರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆ ವಾದಗಳು ಹೊರಗೆ ನಡೆಯುತ್ತಿದ್ದಾಗ ನಮ್ಮಂತಹವರ ಮನೆಗಳಲ್ಲಿ ಅನ್ನದ ತಟ್ಟೆಯ ಮುಂದೆಯೂ ನಡೆಯುತ್ತಿದ್ದವು ಎಂದಷ್ಟೇ ಹೇಳುತ್ತೇವೆ.

ನಮಗೆ ದಾರಿ ತೋರಿಸಿದ್ದು ಜಪಸರ. ಜಪಸರವನ್ನು ಒಬ್ಬರೇ ಹೇಳಿದಾಗ ಅದರ ವಿನ್ಯಾಸ ಮನಸ್ಸಿಗೆ ಹೊಳೆಯುವುದಿಲ್ಲ. ಇಬ್ಬರು ಹೇಳಿದಾಗ ಹೊಳೆಯುತ್ತದೆ. ನಮೋ ಮರಿಯ ಜಪದ ಪೂರ್ವಾರ್ಧವನ್ನು ಒಬ್ಬರು ಹೇಳಬೇಕು, ಉತ್ತರಾರ್ಧವನ್ನು ಮತ್ತೊಬ್ಬರು ಹೇಳಬೇಕು. ಪರಲೋಕ ಮಂತ್ರವೂ ಹಾಗೆಯೇ. ಒಬ್ಬರು ಹೇಳಿ ನಿಲ್ಲಿಸಿದಲ್ಲಿ ಇನ್ನೊಬ್ಬರು ಎತ್ತಿಕೊಳ್ಳಬೇಕು. ಅವರು ಎತ್ತಿಕೊಳ್ಳದಿದ್ದರೆ ಪ್ರಾರ್ಥನೆ ಮುಂದೆ ಸಾಗದು. ಪತಿ ಪೂರ್ವಾರ್ಧವನ್ನು ಕನ್ನಡದಲ್ಲಿ ಹೇಳುವುದು, ಪತ್ನಿ ಉತ್ತರಾರ್ಧವನ್ನು ತಮಿಳಿನಲ್ಲಿ ಹೇಳುವುದು ಎಂದು ನಾವು ಮದುವೆಯಾದ ಮೊದಲನೆಯ ತಪಸ್ಸುಕಾಲದಲ್ಲಿ ಗೊತ್ತುಮಾಡಿಕೊಂಡೆವು. ಕೇಳಿದವರು ನಕ್ಕರು. ಮಕ್ಕಳು ಹುಟ್ಟಿ ಮಾತು ಕಲಿತಾಗ, ಎಲ್ಲರ ಮನೆಯಲ್ಲಿಯೂ ಪ್ರಾರ್ಥನೆ ಅರ್ಧಕ್ಕೆ ಭಾಷೆ ಬದಲಾಯಿಸುತ್ತದೆಂದೇ ಅವರು ಬಹುಕಾಲ ನಂಬಿದ್ದರು.

ಪತಿಗೆ ವಾರಕ್ಕೊಂದು ಪಾಳಿಯಾದುದರಿಂದ ಗಡಿಯಾರವನ್ನು ನಂಬಿ ಸಮಯವನ್ನು ಗೊತ್ತುಮಾಡುವಂತಿರಲಿಲ್ಲ. ಆದ್ದರಿಂದ ಇಬ್ಬರೂ ಒಟ್ಟಿಗೆ ಉಣ್ಣುವ ದಿನದ ಒಂದು ಊಟ ಯಾವುದೋ, ಅದರ ತಟ್ಟೆಗಳನ್ನು ತೊಳೆದ ಮೇಲೆ ಪ್ರಾರ್ಥನೆ ಎಂದು ನಿಶ್ಚಯಿಸಿದೆವು. ಐವತ್ತಮೂರು ಮಣಿಯ ಜಪವಲ್ಲ, ಹತ್ತೇ ಮಣಿ. ನಮ್ಮೊಡನೆ ಇದ್ದ ಅತ್ತೆಯವರಿಗೆ ಇದು ಸರಿಬೀಳಲಿಲ್ಲ. ಮಾತೆಗೆ ಚಿಲ್ಲರೆ ಕಾಸು ಕೊಡುತ್ತೀರಾ ಎಂದು ಕೇಳಿದರು. ಅವರ ಮಾತಿನಲ್ಲಿ ನಿಜವಿತ್ತು. ಆದರೆ ಐವತ್ತಮೂರು ಮಣಿಯನ್ನು ಗೊತ್ತುಮಾಡಿಕೊಂಡ ಎಷ್ಟೋ ಮನೆಗಳಲ್ಲಿ ಆರು ತಿಂಗಳೊಳಗೆ ಜಪಸರ ಮೊಳೆಗೆ ತೂಗುಬಿದ್ದಿರುವುದನ್ನೂ ನಾವು ಕಂಡಿದ್ದೇವೆ. ಚಿಲ್ಲರೆ ಕಾಸಾದರೂ ದಿನವೂ ಕೊಟ್ಟದ್ದು ನಮಗೆ ದಕ್ಕಿತು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಪ್ರಕಟಿಸಿದ ಪ್ರೇಮವನ್ನು ಕುರಿತ ಪತ್ರದ ಕೊನೆಯ ಅಧ್ಯಾಯದಲ್ಲಿ, ದಿನಕ್ಕೆ ಕೆಲವೇ ನಿಮಿಷಗಳಾದರೂ ದೇವರ ಮುಂದೆ ಕೂಡಿ ನಿಂತು ಚಿಂತೆಗಳನ್ನು ಅವರಿಗೆ ಅರಿಕೆ ಮಾಡಿರೆಂದು ಕುಟುಂಬಗಳಿಗೆ ಹೇಳಿದ್ದಾರೆ. ಅದನ್ನು ಓದುವ ವೇಳೆಗೆ ಅತ್ತೆಯವರು ತೀರಿಕೊಂಡಿದ್ದರು, ಇಲ್ಲವಾದರೆ ತೋರಿಸಬಹುದಾಗಿತ್ತು.

ಕೂಡಿ ಪ್ರಾರ್ಥಿಸಿದವರ ಮನೆಗೆ ಕಷ್ಟ ಬಾರದೆಂದು ಯಾರೂ ತಿಳಿಯಬಾರದು. ಚಿಕ್ಕ ತೆರೇಸಮ್ಮನವರ ಚಿತ್ರ ನಮ್ಮ ಅನೇಕ ಮನೆಗಳಲ್ಲಿದೆ. ಅವರ ತಂದೆ ಲೂಯಿ ಮಾರ್ತೆನ್ ಗಡಿಯಾರದ ಕೆಲಸ ಮಾಡುತ್ತಿದ್ದವರು, ತಾಯಿ ಝೆಲಿ ಲೇಸು ಹೆಣೆಸುವ ಉದ್ಯಮವನ್ನು ನಡೆಸುತ್ತಿದ್ದವರು. 1858ರಲ್ಲಿ ಫ್ರಾನ್ಸಿನ ಅಲಾಂಸೋನಿನಲ್ಲಿ ಮದುವೆಯಾದರು. ನಸುಕಿನ ಪೂಜೆಗೆ ಇಬ್ಬರೂ ಕೂಡಿ ಹೋಗುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಹೋದರು. ಹೆಂಡತಿಯ ಉದ್ಯಮ ಬೆಳೆದಾಗ ಲೂಯಿ ತಮ್ಮ ಅಂಗಡಿಯನ್ನು ಬಿಟ್ಟುಕೊಟ್ಟು ಆಕೆಯ ಕೆಲಸಕ್ಕೆ ಹೆಗಲು ಕೊಟ್ಟರು. ಈ ಸಂಗತಿಯನ್ನು ಇಲ್ಲಿ ಕುಳಿತಿರುವ ಗಂಡಸರು ವಿಶೇಷವಾಗಿ ಗಮನಿಸಬೇಕು. 1877ರಲ್ಲಿ ಝೆಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಐವರು ಹೆಣ್ಣುಮಕ್ಕಳನ್ನು ಸಾಕಿದ ಲೂಯಿ ಮುಪ್ಪಿನಲ್ಲಿ ಬುದ್ಧಿಭ್ರಮಣೆಯಾಗಿ ಆಸ್ಪತ್ರೆಯಲ್ಲಿ ವರ್ಷಗಳನ್ನು ಕಳೆದರು. 2015ರ ಅಕ್ಟೋಬರ್ 18ರಂದು ಧರ್ಮಸಭೆ ಈ ಗಂಡ ಹೆಂಡಿರನ್ನು ಒಂದೇ ದಿನ, ದಂಪತಿಗಳಾಗಿಯೇ, ಸಂತರೆಂದು ಸಾರಿತು.

ಸಂತರ ಮಾತಾಯಿತು. ಇನ್ನು ಪಾಪಿಗಳ ಮಾತು.

1994ರಲ್ಲಿ ನಮ್ಮ ಹಿರಿಯ ಮಗಳು ಎಸ್.ಎಸ್.ಎಲ್.ಸಿ. ಓದುತ್ತಿದ್ದಳು. ಅವಳ ಮುಂದಿನ ಓದಿಗೆಂದು ನಾವು ಕೂಡಿಟ್ಟ ಹಣವನ್ನು ಪತಿಯಾದವನು ಪತ್ನಿಯನ್ನು ಕೇಳದೆ ಪರಿಚಿತರೊಬ್ಬರ ಚೀಟಿಗೆ ಕಟ್ಟಿದ. ಬಡ್ಡಿಯಾಸೆ, ಬೇರೇನೂ ಅಲ್ಲ. ಚೀಟಿ ನಡೆಸುತ್ತಿದ್ದವರು ಒಂದು ರಾತ್ರಿ ಮನೆ ಖಾಲಿ ಮಾಡಿ ಹೊರಟುಹೋದರು. ನಲವತ್ತೆಂಟು ಸಾವಿರ ರೂಪಾಯಿ. ಇಂದಿನ ಮಕ್ಕಳಿಗೆ ಅದು ಒಂದು ಫೋನಿನ ಬೆಲೆ. ಅಂದು ನಮ್ಮ ಹನ್ನೊಂದು ವರ್ಷಗಳ ಉಳಿತಾಯ. ಸುದ್ದಿ ಪತ್ನಿಗೆ ತಿಳಿದದ್ದು ಪತಿಯ ಬಾಯಿಂದಲ್ಲ, ಬೀದಿಯ ನಲ್ಲಿಯ ಬಳಿ.

ಆ ರಾತ್ರಿಯೂ ತಟ್ಟೆಗಳನ್ನು ತೊಳೆದೆವು. ಮಕ್ಕಳು ಮಾತೆಯ ಸ್ವರೂಪದ ಮುಂದೆ ಮೇಣದಬತ್ತಿ ಹಚ್ಚಿದರು. ಪತಿ ಪರಲೋಕ ಮಂತ್ರದ ಪೂರ್ವಾರ್ಧವನ್ನು ಹೇಳಿ ನಿಲ್ಲಿಸಿದ. ಉತ್ತರಾರ್ಧದಲ್ಲಿ ಏನಿದೆಯೆಂಬುದನ್ನು ತಾವು ಬಲ್ಲಿರಿ. ಮೊದಲು ಅಂದಂದಿನ ಅನ್ನವನ್ನು ಬೇಡುತ್ತೇವೆ. ಅದಾದ ಮೇಲೆ ಕ್ಷಮೆಯನ್ನು ಬೇಡುತ್ತೇವೆ, ನಾವು ಇತರರನ್ನು ಕ್ಷಮಿಸಿದ ಅಳತೆಯನ್ನೇ ದೇವರಿಗೆ ತೋರಿಸಿ ಬೇಡುತ್ತೇವೆ. ಹದಿನೈದು ವರ್ಷ ತಡೆಯಿಲ್ಲದೆ ಹೇಳಿಕೊಂಡು ಬಂದ ಆ ಸಾಲಿನ ಬಳಿ ಪತ್ನಿಯ ನಾಲಿಗೆ ನಿಂತಿತು. “ನಿಮ್ಮ ಪಾಲನ್ನು ನೀವು ಹೇಳಿದ್ದೀರಿ. ನನ್ನ ಪಾಲು ಈಗ ನನ್ನಿಂದ ಆಗುವುದಿಲ್ಲ” ಎಂದು ಹೇಳಿ ಎದ್ದುಹೋದಳು. ಮಕ್ಕಳು ಅಳುಕುತ್ತಾ ತಾವೇ ಮುಗಿಸಿದರು.

ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಪತ್ನಿ ಬಂದು ಕುಳಿತುಕೊಳ್ಳುವಳು, ಅನ್ನದ ಸಾಲಿನವರೆಗೆ ಹೇಳುವಳು, ಅಲ್ಲಿಗೆ ನಿಲ್ಲಿಸುವಳು. ಬಾಯಿಗೆ ಬಂದಂತೆ ಹೇಳಿ ಮುಗಿಸಬಹುದಾಗಿತ್ತಲ್ಲ ಎಂದು ನಾವು ಪಾಪನಿವೇದನೆಗೆ ಹೋಗುತ್ತಿದ್ದ ವೃದ್ಧ ಗುರುಗಳನ್ನು ಆಮೇಲೆ ಕೇಳಿದೆವು. ಸುಳ್ಳು ಹೇಳದೆ ಕುಳಿತದ್ದೇ ಆಗ ಆಕೆಯ ಪ್ರಾರ್ಥನೆ ಎಂದು ಅವರು ಹೇಳಿದರು. ನಾಲ್ಕು ತಿಂಗಳು ಕಳೆಯಿತು. ಮನೆಯಲ್ಲಿ ಉಪ್ಪು, ಹಾಲು, ಸೀಮೆಎಣ್ಣೆಯ ಮಾತಲ್ಲದೆ ಬೇರೆ ಮಾತಿರಲಿಲ್ಲ. ಒಂದು ವೇಳೆ ಆ ಹತ್ತು ಮಣಿ ಇಲ್ಲದಿದ್ದರೆ ನಾವು ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುತ್ತಲೇ ಇರಲಿಲ್ಲ.

ಒಂದು ಸಂಜೆ ಪತಿಯೇ, “ಇವತ್ತು ಅರ್ಧಗಳನ್ನು ಬದಲಾಯಿಸೋಣ. ನೀನು ಮೊದಲು ಹೇಳು, ನಾನು ಆಮೇಲೆ ಹೇಳುತ್ತೇನೆ” ಎಂದ. ಅವಳಿಗೆ ಭಾರವಾದದ್ದನ್ನು ತಾನು ಹೊರುತ್ತೇನೆಂಬ ಉದಾರತೆ ಅವನ ಮನಸ್ಸಿನಲ್ಲಿತ್ತು. ಅದರಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತಾನೆ. ಆದರೆ ಕ್ಷಮೆಯನ್ನು ಬೇಡುವ ಸಾಲು ತನ್ನ ಬಾಯಿಗೆ ಬಂದಾಗ ಅವನೂ ನಿಂತ. ಏಕೆಂದರೆ ಅವನು ಹೇಳಿದ್ದು ಅರ್ಧ ನಿಜ ಮಾತ್ರ. ಚೀಟಿಯ ಕಂತುಗಳನ್ನು ತುಂಬಲು ಕಾರ್ಖಾನೆಯ ಸೊಸೈಟಿಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಸಾಲ ತೆಗೆದಿದ್ದ. ಅದು ಸಂಬಳದಲ್ಲಿ ಕಡಿತವಾಗುತ್ತಿತ್ತು; ಓವರ್‌ಟೈಮ್ ಕಡಿಮೆಯಾಯಿತೆಂದು ಮನೆಯಲ್ಲಿ ಹೇಳಿದ್ದ. ಮಕ್ಕಳನ್ನು ಒಳಗೆ ಕಳುಹಿಸಿ ಆ ರಾತ್ರಿ ಎಲ್ಲವನ್ನೂ ಹೇಳಿದ.

ಅದರಿಂದ ಕೂಡಲೇ ಸಮಾಧಾನವಾಯಿತೆಂದು ತಾವು ಊಹಿಸಿದರೆ ತಪ್ಪು. ಪತ್ನಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ತವರು ಎರಡು ಬೀದಿಗಳ ಆಚೆಗೇ ಇದ್ದುದರಿಂದ ಅದು ದೊಡ್ಡ ಪ್ರಯಾಣವೇನೂ ಆಗಿರಲಿಲ್ಲ. ಹದಿನೆಂಟು ದಿನ ಅಲ್ಲಿದ್ದಳು. ಆ ದಿನಗಳಲ್ಲಿ ಪತಿ ಪ್ರತಿದಿನ ರಾತ್ರಿ ಅಲ್ಲಿಗೆ ಹೋಗಿ, ಊಟಕ್ಕೆ ಕೂಡದೆ, ಪ್ರಾರ್ಥನೆಯ ಹೊತ್ತಿಗೆ ಬಾಗಿಲ ಬಳಿ ಕುಳಿತು ಪೂರ್ವಾರ್ಧವನ್ನು ಹೇಳಿ ಬರುತ್ತಿದ್ದ. ಮಾವನವರು ಉತ್ತರ ಹೇಳುತ್ತಿದ್ದರು. ಹತ್ತೊಂಬತ್ತನೆಯ ದಿನ ಉತ್ತರ ಪತ್ನಿಯ ಧ್ವನಿಯಲ್ಲಿ ಬಂದಿತು, ಕೊನೆಯವರೆಗೂ ಬಂದಿತು. ಸೊಸೈಟಿಯ ಸಾಲವನ್ನು ತೀರಿಸಲು ಇನ್ನೂ ಮೂರು ವರ್ಷ ಹಿಡಿಯಿತು. ಮಗಳ ಓದು ಸಾಗಿತು. ಪತ್ನಿ ಸಂಜೆಯ ಹೊತ್ತು ಮನೆಪಾಠ ಹೇಳಿದಳು. ಅಂದಿನಿಂದ ಮನೆಯ ಲೆಕ್ಕದ ಪುಸ್ತಕ ಅವಳ ಕೈಯಲ್ಲಿದೆ. ಅದು ಶಿಕ್ಷೆಯಲ್ಲ ಎಂದು ಅವಳು ಹೇಳುತ್ತಾಳೆ. ಈ ವಾಕ್ಯವನ್ನು ಹೊಡೆದುಹಾಕಬೇಕೆಂದು ಪತಿ ಕೇಳಿಕೊಂಡ, ಅವಳು ಬಿಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಮ್ಮ ಕಥೆಯಿಂದ ಕೇಡಾಗಬಹುದು. ಗಂಡ ಕುಡಿದು ಬಂದು ಹೊಡೆಯುವ ಮನೆಯ ಹೆಣ್ಣುಮಗಳು ನಮ್ಮ ಬಳಿಗೆ ಬಂದಾಗ, ತಾಳಿಕೋ, ಅದು ನಿನ್ನ ಶಿಲುಬೆ, ಜಪ ಮಾಡು ಎಂದು ಹೇಳಿ ಕಳುಹಿಸಿದವರಲ್ಲಿ ನಾವೂ ಇದ್ದೆವು. ಅದು ನಮ್ಮ ಅಜ್ಞಾನ. ಧರ್ಮಸಭೆ ಹಾಗೆ ಹೇಳುವುದಿಲ್ಲ. 1153ನೆಯ ವಿಧಿಯ ಪ್ರಕಾರ, ಸಂಗಾತಿಯಿಂದ ತನಗಾಗಲೀ ಮಕ್ಕಳಿಗಾಗಲೀ ದೇಹಕ್ಕೋ ಮನಸ್ಸಿಗೋ ಗಂಡಾಂತರವಿದ್ದರೆ ಬೇರೆಯಾಗಿರುವುದಕ್ಕೆ ನ್ಯಾಯವಾದ ಕಾರಣವಿದೆ. ತಡಮಾಡಿದರೆ ಅಪಾಯವಾಗುವುದಾದರೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ದೇಶದ ಕಾನೂನೂ 2005ರ ಅಧಿನಿಯಮದ ಮೂಲಕ ಆಕೆಗೆ ರಕ್ಷಣೆ ಕೊಟ್ಟಿದೆ. ಪತಿ ಬಾಗಿಲ ಬಳಿ ಕುಳಿತು ಜಪ ಹೇಳಿದ್ದು ಹೊಡೆದವನಾಗಿ ಅಲ್ಲ. ಹೊಡೆದವನಾಗಿದ್ದರೆ ಮಾವನವರು ಬಾಗಿಲನ್ನೇ ತೆರೆಯಬಾರದಾಗಿತ್ತು.

ಅನ್ಯಧರ್ಮದವರನ್ನು ಮದುವೆಯಾದ ನಮ್ಮ ಮಕ್ಕಳೂ ಇಂದು ಈ ಸಭೆಯಲ್ಲಿದ್ದಾರೆ. ಕೂಡಿ ಪ್ರಾರ್ಥಿಸಿರೆಂದು ಅವರಿಗೆ ಹೇಳುವುದು ಸುಲಭವಲ್ಲ. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಗಂಡ ಜಪ ಹೇಳುವಾಗ ಹೆಂಡತಿ ಪಕ್ಕದಲ್ಲಿ ಮೌನವಾಗಿ ಕುಳಿತಿರುತ್ತಾಳೆ; ಆಕೆ ದೀಪ ಹಚ್ಚುವಾಗ ಈತ ಟಿ.ವಿ. ಆರಿಸುತ್ತಾನೆ. ಅಷ್ಟರಲ್ಲಿ ಎಷ್ಟಿದೆಯೆಂದು ಅಳೆಯಲು ನಾವು ಯಾರು?

ಕೊನೆಯದಾಗಿ, ಕಳೆದ ತಿಂಗಳ ಸಿದ್ಧತಾ ಶಿಬಿರದಲ್ಲಿ ಒಬ್ಬ ಯುವಕ ಎದ್ದುನಿಂತು, “ಅಂಕಲ್, ನನ್ನ ಕೆಲಸ ಅಮೆರಿಕದ ಸಮಯಕ್ಕೆ. ಅವಳದು ಬೆಳಗ್ಗೆ ಎಂಟಕ್ಕೆ. ನಾವು ಒಟ್ಟಿಗೆ ಉಣ್ಣುವುದೇ ಭಾನುವಾರ. ನಿಮ್ಮ ತಟ್ಟೆ ತೊಳೆಯುವ ಲೆಕ್ಕ ನಮಗೆ ಹೊಂದುವುದಿಲ್ಲ” ಎಂದ. ಸಭೆ ನಕ್ಕಿತು. ನಮಗೂ ತಕ್ಷಣ ಉತ್ತರ ತೋರಲಿಲ್ಲ. ಉತ್ತರ ಕೊಟ್ಟವಳು ಅವನ ಪಕ್ಕದಲ್ಲಿದ್ದ ಹುಡುಗಿ. ಸಂಜೆ ಅವಳು ಕೆಲಸ ಮುಗಿಸಿ ಹಲಸೂರು ಮೆಟ್ರೋ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅವನು ಕೆಲಸಕ್ಕೆಂದು ಅಲ್ಲಿಯೇ ಹತ್ತುತ್ತಾನಂತೆ. ನಿಲ್ದಾಣದ ಕೆಳಗೆ ಐದು ನಿಮಿಷ ಸಿಗುತ್ತದೆ, ಅಲ್ಲಿ ನಿಂತೇ ಹೇಳುತ್ತೇವೆ ಎಂದಳು. ಹಾಗಾದರೆ ಪೂರ್ವಾರ್ಧ ಯಾರದು ಎಂದು ನಾವು ಕೇಳಿದೆವು. ಅವನು ಕೊಂಕಣಿಯವನು, ಅವಳು ತೆಲುಗಿನವಳು. ಮದುವೆಗೆ ಇನ್ನೂ ಆರು ವಾರವಿದೆ. ಅದನ್ನು ಇನ್ನೂ ತೀರ್ಮಾನಿಸಿಲ್ಲವೆಂದರು.